ಸಂತೆಯೇ ಪಂಚಾಂಗ: ಬೆಳಗಾವಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಿಗೆ ಪೇಟೆ, ಜಾತ್ರೆ, ಹಬ್ಬಗಳ ಪರಿಚಯ

ವಿದೇಶ ವ್ಯಾಸಂಗವೆಂದೊಡನೆ ನಮ್ಮ ಕಣ್ಣ ಮುಂದೆ ಬರುವವರು ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾಗಳತ್ತ ವಿಮಾನವೇರುವ ಕನ್ನಡದ ಯುವಕ ಯುವತಿಯರು. ಇದಕ್ಕೆ ಎದುರು ದಿಕ್ಕಿನ ಪಯಣವೂ ಒಂದಿದೆ. ನಮ್ಮ ನಾಡನ್ನೇ ಪರದೇಶವಾಗಿ ಆರಿಸಿಕೊಂಡು, ನಮ್ಮ ಊರುಗಳ ಗಲ್ಲಿಗಳಲ್ಲಿ ದಾರಿ ಕೇಳುತ್ತ, ತರಕಾರಿ ಕೊಳ್ಳುತ್ತ ಓದು ಮುಗಿಸುವ ವಿದ್ಯಾರ್ಥಿಗಳಿದ್ದಾರೆ. ಬೆಳಗಾವಿ ಅಂತಹ ಊರುಗಳಲ್ಲೊಂದು.

1916ರಲ್ಲಿ ಸ್ಥಾಪನೆಯಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ (ಕೆಎಲ್‌ಇ) 1963ರಲ್ಲಿ ಇಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. 2010ರಲ್ಲಿ ಮಲೇಷ್ಯಾದ ಸರ್ಕಾರಿ ವಿಶ್ವವಿದ್ಯಾಲಯವಾದ ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾ ಮತ್ತು ಕೆಎಲ್‌ಇ ಸಂಸ್ಥೆಗಳ ಸಹಯೋಗದಲ್ಲಿ, ನಗರದ ನೆಹರು ನಗರದಲ್ಲಿ ಐದು ವರ್ಷಗಳ ಅಂತರರಾಷ್ಟ್ರೀಯ ವೈದ್ಯಕೀಯ ಶಿಕ್ಷಣಕ್ರಮ ಆರಂಭವಾಯಿತು. ಪೆನಾಂಗ್, ಕೆಲಂತಾನ್, ಕ್ವಾಲಾಲಂಪುರ ಮುಂತಾದ ಕಡೆಗಳ ಮಕ್ಕಳು ವೈದ್ಯರಾಗಲು ಬೆಳಗಾವಿಗೆ ಬರುವಂತಾದುದು ಹೀಗೆ. ನೆಹರು ನಗರ ಹಾಗೂ ಅಲ್ಲಿಂದ ಅನತಿ ದೂರದ ಮಹಾಂತೇಶ ನಗರದಂತಹ ಬಡಾವಣೆಗಳ ಹಾಲಿನ ಅಂಗಡಿ, ತರಕಾರಿ ಗಾಡಿ, ಖಾನಾವಳಿಗಳೇ ಇಂತಹ ವಿದ್ಯಾರ್ಥಿಗಳಿಗೆ ಊರಿನ ಮೊದಲ ಪರಿಚಯ.

ಹೊರನಾಡಿನಲ್ಲಿ ಓದುವವರಿಗೆ ಅಲ್ಲಿನ ಪೇಟೆ ಬೀದಿ ಹಾಗೂ ಹಬ್ಬಗಳು ಬಿಡುವಿನ ವೇಳೆಯ ವಿನೋದವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ವೈದ್ಯಕೀಯ ವಿದ್ಯಾರ್ಥಿಗೆ ಮಾತ್ರ ಅವು ಪಾಠದ ಭಾಗವೇ ಆಗಿವೆ. ಏಕೆಂದರೆ ಬೆಳಗಾವಿ ಸೀಮೆಯ ರೋಗಿ ತನ್ನ ಕಾಯಿಲೆಯ ಕಾಲವನ್ನು ಅಳೆಯುವುದು ಬಹುಪಾಲು ಸಂತೆ ಮತ್ತು ಹಬ್ಬಗಳಿಂದ.

ರೋಗಿಯ ಪಂಚಾಂಗ

ವೈದ್ಯನ ಮೊದಲ ಪ್ರಶ್ನೆ 'ಏನಾಗಿದೆ' ಎಂಬುದಾದರೆ, ಎರಡನೆಯದು 'ಎಷ್ಟು ದಿನವಾಯಿತು' ಎಂಬುದು. ಮೊದಲ ಪ್ರಶ್ನೆಗೆ ಉತ್ತರ ಅರ್ಥವಾಗದಿದ್ದರೆ ರೋಗಿ ಕೈಯಿಟ್ಟು ತೋರಿಸಿಯಾನು. ಎರಡನೆಯದಕ್ಕೆ ಕೈಸನ್ನೆ ನೆರವಾಗದು. 'ಕೆಮ್ಮ ಹತ್ತಿ ಎರಡ ಸಂತಿ ಆತ್ರಿ' ಎಂದು ಹಳ್ಳಿಯ ಹಿರಿಯರೊಬ್ಬರು ಹೇಳಿದರೆ, ವಾರಕ್ಕೊಮ್ಮೆ ಸಂತೆ ಕೂಡುತ್ತದೆಂಬುದು ತಿಳಿದ ವಿದ್ಯಾರ್ಥಿಗೆ ಅದು ಎರಡು ವಾರವೆಂದು ಹೊಳೆಯುತ್ತದೆ. ಎರಡು ವಾರ ಅಥವಾ ಅದಕ್ಕೂ ಮೀರಿದ ಕೆಮ್ಮಿದ್ದವರಿಗೆ ಕ್ಷಯದ ಪರೀಕ್ಷೆ ನಡೆಸಬೇಕೆಂಬುದು ನಮ್ಮ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ಸೂಚನೆ. ಸಂತೆ ಎಂದರೇನೆಂದು ತಿಳಿಯದವನ ಕಾಗದದಲ್ಲಿ ಅದೇ ಮಾತು 'ಕೆಮ್ಮು' ಎಂದಷ್ಟೇ ದಾಖಲಾದೀತು.

ಹಬ್ಬಗಳ ವಿಷಯವೂ ಹೀಗೆಯೇ. 'ಪಂಚಮಿ ಮುಂದ ಸುರು ಆತ್ರಿ' ಎಂಬ ಮಾತಿನಲ್ಲಿ ಎರಡು ತೊಡಕುಗಳಿವೆ. ಒಂದು, ಪಂಚಮಿ ಎಂದರೆ ಶ್ರಾವಣದ ನಾಗರ ಪಂಚಮಿ. ಎರಡು, 'ಮುಂದ' ಎಂಬುದು ಇಲ್ಲಿ ಆ ಹಬ್ಬದ ಹೊತ್ತಿಗೆ, ಅದರ ಆಸುಪಾಸಿನಲ್ಲಿ ಎಂಬ ಅರ್ಥವನ್ನು ಕೊಡುತ್ತದೆ. ಪುಸ್ತಕದ ಕನ್ನಡ ಕಲಿತವರು ಅದನ್ನು ಇನ್ನೂ ಬರಬೇಕಾದ ದಿನವೆಂದು ತಿಳಿಯುವ ಸಾಧ್ಯತೆಯುಂಟು. ಈ ಮಾತನ್ನು ರೋಗಿ ಗಣೇಶ ಚೌತಿಯ ವಾರದಲ್ಲಿ ಆಡಿದ್ದರೆ ಕಾಯಿಲೆಗೆ ಸುಮಾರು ಒಂದು ತಿಂಗಳಾಗಿದೆ ಎಂದರ್ಥ.

ಇದು ಬರಿಯ ಗ್ರಾಮೀಣ ವಾಡಿಕೆಯೆಂದು ತಳ್ಳಿಹಾಕುವಂತಿಲ್ಲ. ಜನನ ದಾಖಲೆಯಿಲ್ಲದ ಮಗುವಿನ ವಯಸ್ಸನ್ನು ಅಂದಾಜಿಸಲು ಆ ಸೀಮೆಯ ಹಬ್ಬ, ಸುಗ್ಗಿ, ಜಾತ್ರೆ, ಚುನಾವಣೆಗಳನ್ನು ತಿಂಗಳುವಾರು ಬರೆದಿಟ್ಟುಕೊಂಡು ತಾಯಿಯನ್ನು ವಿಚಾರಿಸುವ ಕ್ರಮ ಜಗತ್ತಿನಾದ್ಯಂತ ಆರೋಗ್ಯ ಸಮೀಕ್ಷೆಗಳಲ್ಲಿ ಬಳಕೆಯಲ್ಲಿದೆ. ಅಂತಹ ಪಟ್ಟಿಯನ್ನು ವಿದ್ಯಾರ್ಥಿಯೇ ತಯಾರಿಸಿಕೊಳ್ಳಬೇಕೆಂದರೆ ಪೇಟೆಗೂ ಜಾತ್ರೆಗೂ ಹೋಗಿಬರುವುದೇ ಸುಲಭದ ಹಾದಿ.

ನಗರದ ಪೇಟೆಗಳು

ಬೆಳಗಾವಿಯ ಬಡಾವಣೆಗಳ ಹೆಸರುಗಳಲ್ಲಿ ವಾರದ ದಿನಗಳು ಕುಳಿತಿವೆ. ಕಿರಾಣಿ ಸಗಟು ವ್ಯಾಪಾರದ ರವಿವಾರ ಪೇಟೆ, ನಗರದ ನಡುವಿನ ಶನಿವಾರ ಖೂಟ, ಟಿಳಕವಾಡಿಯ ಮಂಗಳವಾರ ಪೇಟೆ, ಗುರುವಾರ ಪೇಟೆ, ಶುಕ್ರವಾರ ಪೇಟೆಗಳು ಇದಕ್ಕೆ ಸಾಕ್ಷಿ. ಇವುಗಳಲ್ಲಿ ಕೆಲವು ಇಂದು ಕೇವಲ ವಸತಿ ಪ್ರದೇಶಗಳು. ಹೊಸಬರು ರವಿವಾರ ಪೇಟೆಯನ್ನು ಭಾನುವಾರ ಮಾತ್ರ ನಡೆಯುವ ಪೇಟೆಯೆಂದು ತಿಳಿಯಬೇಕಾಗಿಲ್ಲ. ಅಲ್ಲಿ ವ್ಯವಹಾರ ವಾರದ ಇತರ ದಿನಗಳಲ್ಲಿಯೂ ನಡೆಯುತ್ತದೆ.

ಖಡೇಬಜಾರ್, ಗಣಪತ ಗಲ್ಲಿ, ಮಾರುತಿ ಗಲ್ಲಿ, ರಾಮದೇವ ಗಲ್ಲಿ, ಕಡೋಲಕರ ಗಲ್ಲಿ, ಇವು ಒಂದಕ್ಕೊಂದು ಹೊಂದಿಕೊಂಡ ಹಳೆಯ ಪೇಟೆಯ ಬೀದಿಗಳು. ಬಟ್ಟೆ, ಪಾತ್ರೆ, ಬಳೆ, ಪೂಜಾ ಸಾಮಗ್ರಿ, ಪಾದರಕ್ಷೆ, ಹೂವು, ಹಣ್ಣು, ಸೊಪ್ಪು ಎಲ್ಲವೂ ಇಲ್ಲಿ ಕಾಲ್ನಡಿಗೆಯ ಅಂತರದಲ್ಲಿ ಸಿಗುತ್ತವೆ. ಬೀದಿಯ ಇಕ್ಕೆಲಗಳಲ್ಲಿ ಬುಟ್ಟಿ ಇಟ್ಟು ಕುಳಿತ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಚಳಿಗಾಲದಲ್ಲಿ ಹಸಿ ಬಟಾಣಿ, ಗೆಣಸು, ಕಡಲೆ ಗಿಡದ ಕಟ್ಟುಗಳನ್ನು ಮಾರುತ್ತಾರೆ. ಕುಂದಾ ಈ ಊರಿನ ಪ್ರಸಿದ್ಧ ಸಿಹಿ. ಹಾಲನ್ನು ಕಾಯಿಸಿ ಗಟ್ಟಿಯಾಗಿಸಿ, ಖೋವಾ, ಸಕ್ಕರೆ ಬೆರೆಸಿ ತಯಾರಿಸುವಂಥದು. ಮದುವೆ ಮನೆಗಳ ಮಂಡಿಗೆಯೂ ಇಲ್ಲಿನ ಹೆಸರಾಂತ ಸಿಹಿಯೇ.

ನಗರಕ್ಕೆ ಅಂಟಿಕೊಂಡ ಶಹಾಪುರ, ವಡಗಾವಿ, ಖಾಸಬಾಗಗಳ ಕಥೆ ಬೇರೆ. ಇದು ನೇಕಾರರ ಪ್ರದೇಶ. ಮಗ್ಗದ ಸೀರೆಗಳಿಗೆ ಹೆಸರಾದ ಶಹಾಪುರಕ್ಕೆ ತನ್ನದೇ ಆದ ಖಡೇಬಜಾರವಿದೆ. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನವಾಗುವವರೆಗೆ ಶಹಾಪುರ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ, ಬೆಳಗಾವಿ ಬ್ರಿಟಿಷರ ಆಡಳಿತದಲ್ಲಿತ್ತು. ಆ ಗೆರೆ ನಕ್ಷೆಯಿಂದ ಅಳಿಸಿಹೋದರೂ ಹಬ್ಬದಲ್ಲಿ ಉಳಿದುಕೊಂಡಿದೆ. ನಗರದ ಉಳಿದ ಭಾಗ ಹೋಳಿ ಹುಣ್ಣಿಮೆಯ ಮರುದಿನ ಬಣ್ಣವಾಡಿದರೆ, ಶಹಾಪುರ, ವಡಗಾವಿಯ ಭಾಗಗಳು ರಂಗಪಂಚಮಿಯಂದು ಆಡುತ್ತವೆ. ಆದ್ದರಿಂದ 'ಬಣ್ಣದ ದಿನ ಬಿದ್ದು ಕಾಲು ನೋಯುತ್ತಿದೆ' ಎಂದವರನ್ನು, ನಿಮ್ಮ ಮನೆ ಯಾವ ಭಾಗದಲ್ಲಿ ಎಂದು ಕೇಳುವುದು ಅಗತ್ಯ. ನಾಲ್ಕು ದಿನಗಳ ವ್ಯತ್ಯಾಸ ಅದರಲ್ಲಿದೆ.

ಕ್ಯಾಂಪ್ ಪ್ರದೇಶ ಬ್ರಿಟಿಷರ ಕಾಲದ ದಂಡಿನ ಪೇಟೆ. ಇಗರ್ಜಿಗಳು, ಹಳೆಯ ಶಾಲೆಗಳು, ಮಾಂಸ ಮತ್ತು ಮೀನಿನ ಅಂಗಡಿಗಳು ಅಲ್ಲಿವೆ. ಹಲಾಲ್ ಊಟ ಅರಸುವ ಮುಸ್ಲಿಂ ವಿದ್ಯಾರ್ಥಿಗಳಿಗೆ ಕ್ಯಾಂಪ್ ಹಾಗೂ ಖಡೇಬಜಾರದ ಸುತ್ತಲಿನ ಗಲ್ಲಿಗಳು ಅನುಕೂಲ. ಶುದ್ಧ ಶಾಕಾಹಾರಿಗಳಿಗೆ ರೊಟ್ಟಿ, ಪಲ್ಯ, ಹಿಂಡಿಗಳ ಖಾನಾವಳಿಗಳು ನಗರದ ಎಲ್ಲ ಭಾಗಗಳಲ್ಲಿಯೂ ಇವೆ.

ಖಾನಾಪುರದ ಸಂತೆ

ನಗರದಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಮಲಪ್ರಭಾ ನದಿಯ ದಡದಲ್ಲಿರುವ ಖಾನಾಪುರಕ್ಕೆ ಬಸ್ಸೂ ಇದೆ, ಲೋಂಡಾ ಮಾರ್ಗದ ರೈಲೂ ಇದೆ. ಖಾನಾಪುರದ ವಾರದ ಸಂತೆ ಭಾನುವಾರ ಕೂಡುವುದರಿಂದ ತರಗತಿಗಳಿಲ್ಲದ ದಿನವೇ ಹೋಗಿಬರಬಹುದು. ಇದು ಪಶ್ಚಿಮ ಘಟ್ಟದ ಅಂಚಿನ ತಾಲ್ಲೂಕು. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಇದೇ ತಾಲ್ಲೂಕಿನಲ್ಲಿದೆ. ಕಾಡಂಚಿನ ಊರುಗಳ ಜನ ಬೇಸಿಗೆಯಲ್ಲಿ ಕವಳಿಹಣ್ಣು, ಗೋಡಂಬಿ, ಹಲಸನ್ನೂ, ಮಳೆಗಾಲದಲ್ಲಿ ಕಾಡಿನ ಅಣಬೆ ಹಾಗೂ ಎಳೆ ಬಿದಿರಿನ ಕಳಲೆಯನ್ನೂ ತರುತ್ತಾರೆ. ಅಣಬೆಗಳಲ್ಲಿ ವಿಷದವೂ ಇರುವುದರಿಂದ, ಗುರುತು ಬಲ್ಲ ಸ್ಥಳೀಯರು ಜೊತೆಗಿಲ್ಲದೆ ಕೊಳ್ಳದಿರುವುದು ಲೇಸು.

ಖಾನಾಪುರದ ಜೇಡಿಮಣ್ಣು ಹೆಸರುವಾಸಿ. ಹೆಂಚು, ಮಡಕೆಗಳ ಕಸುಬು ಇಲ್ಲಿ ಬೆಳೆದುದಕ್ಕೆ ಅದೇ ಕಾರಣ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯೂ ಈ ಊರಿನಲ್ಲಿದೆ. ಕುಂಬಾರರು ಮಾರುವ ವಸ್ತುಗಳನ್ನು ನೋಡಿಯೇ ತಿಂಗಳನ್ನು ಹೇಳಬಹುದು. ನೀರಿನ ಕೊಡಗಳು ಬಂದರೆ ಬೇಸಿಗೆ, ಮಣ್ಣಿನ ಎತ್ತುಗಳು ಬಂದರೆ ಜೂನ್ ಅಥವಾ ಜುಲೈನ ಅಮಾವಾಸ್ಯೆ, ಹಣತೆಗಳು ಬಂದರೆ ದೀಪಾವಳಿ.

ಸಂತೆಗೂ ದವಾಖಾನೆಗೂ ನೇರ ನಂಟಿದೆ. ಒಂದೇ ಬಸ್ ಚಾರ್ಜಿನಲ್ಲಿ ಕಾಳು ಮಾರಿ, ಎಣ್ಣೆ ಕೊಂಡು, ಡಾಕ್ಟರನ್ನೂ ಕಂಡು ಹೋಗುವುದು ಹಳ್ಳಿಯವರ ರೂಢಿ. ಐದು ದಿನಗಳ ಗುಳಿಗೆ ಬರೆದುಕೊಟ್ಟು ಆರನೆಯ ದಿನ ಬರಹೇಳಿದರೆ ಅವರು ಬರುವುದು ಬಹುಶಃ ಎಂಟನೆಯ ದಿನ, ಅಂದರೆ ಮುಂದಿನ ಸಂತೆಗೆ. ಇದನ್ನು ಬಲ್ಲ ವೈದ್ಯ ಗುಳಿಗೆಗಳ ಲೆಕ್ಕವನ್ನು ಸಂತೆಯಿಂದ ಸಂತೆಗೆ ಹೊಂದಿಸುತ್ತಾನೆ.

ಖಾನಾಪುರದವರೆಗೆ ಹೋದವರು ತಾಲ್ಲೂಕಿನ ಇನ್ನೆರಡು ಸ್ಥಳಗಳನ್ನು ನೋಡಬಹುದು. ಕದಂಬರ ಎರಡನೆಯ ರಾಜಧಾನಿಯೆನಿಸಿದ್ದ ಹಲಸಿಯಲ್ಲಿ ಭೂವರಾಹ ನರಸಿಂಹ ದೇವಾಲಯವಿದೆ. ನಂದಗಡದಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ. 1831ರ ಜನವರಿ 26ರಂದು ಬ್ರಿಟಿಷರು ಆತನನ್ನು ಗಲ್ಲಿಗೇರಿಸಿದ್ದು ಅಲ್ಲಿಯೇ. ಸಮಾಧಿಯ ಬಳಿಯ ಆಲದ ಮರಕ್ಕೆ ಹರಕೆ ಹೊತ್ತು ತೊಟ್ಟಿಲು ಕಟ್ಟುವವರನ್ನು ಇಂದಿಗೂ ಕಾಣಬಹುದು.

ಹಬ್ಬಗಳು: ತಿಂಗಳುವಾರು

ಚಾಂದ್ರಮಾನದ ಹಬ್ಬಗಳು ಇಂಗ್ಲಿಷ್ ತಿಂಗಳುಗಳಲ್ಲಿ ಹಿಂದುಮುಂದಾಗುವುದರಿಂದ ಆಯಾ ವರ್ಷದ ಪಂಚಾಂಗವನ್ನು ನೋಡಿಕೊಳ್ಳಬೇಕು. ರೋಗಿಗಳ ಮಾತಿನಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳನ್ನು ಇಲ್ಲಿ ಕೊಟ್ಟಿದೆ.

ಜನವರಿ: ಸಂಕ್ರಮಣ. ಕುಸುರೆಳ್ಳು ಹಂಚಿ, ಸವಿಮಾತು ಆಡೋಣವೆಂದು ಹಾರೈಸುವುದು ಕನ್ನಡಿಗರಿಗೂ ಮರಾಠಿಗರಿಗೂ ಸಮಾನ. ಮಲಪ್ರಭೆಯ ದಡದಲ್ಲಿ ಪುಣ್ಯಸ್ನಾನಕ್ಕೆ ಜನ ಸೇರುತ್ತಾರೆ.

ಜನವರಿಯಿಂದ ಮಾರ್ಚ್: ಬನದ ಹುಣ್ಣಿಮೆ, ಭಾರತ ಹುಣ್ಣಿಮೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ, ಮಹಾರಾಷ್ಟ್ರ, ಗೋವಾಗಳಿಂದ ಭಕ್ತರ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳು ಸಾಗುತ್ತವೆ. ಭಂಡಾರದ ಹಳದಿ ದಾರಿಯುದ್ದಕ್ಕೂ ಕಾಣುತ್ತದೆ. ಪೆನಾಂಗ್‌ನ ತೈಪೂಸಂ ಕಂಡವರಿಗೆ ಈ ಜನಸಾಗರ ಅಪರಿಚಿತವೆನಿಸದು. ಈ ಗುಡ್ಡದೊಂದಿಗೆ ದೇವದಾಸಿ ಪದ್ಧತಿಯ ನೋವಿನ ಇತಿಹಾಸವೂ ಬೆರೆತಿದೆ. ಕರ್ನಾಟಕ 1982ರ ಕಾಯ್ದೆಯ ಮೂಲಕ ಆ ಪದ್ಧತಿಯನ್ನು ನಿಷೇಧಿಸಿತು. ಇಲ್ಲಿ ಯಾರದೇ ಚಿತ್ರ ತೆಗೆಯುವ ಮುನ್ನ ಒಪ್ಪಿಗೆ ಕೇಳುವುದು ಸೌಜನ್ಯ ಮಾತ್ರವಲ್ಲ, ಕರ್ತವ್ಯ.

ಮಾರ್ಚ್, ಏಪ್ರಿಲ್: ಹೋಳಿ ಹುಣ್ಣಿಮೆ, ಯುಗಾದಿ. ಬಣ್ಣದ ದಿನ ಕಣ್ಣಿನ ರಕ್ಷಣೆ ಮುಖ್ಯ.

ಏಪ್ರಿಲ್, ಮೇ: ವೈಶಾಖ ಶುದ್ಧ ಬಿದಿಗೆಯಂದು ಬೆಳಗಾವಿಯ ಸಾಂಪ್ರದಾಯಿಕ ಶಿವಜಯಂತಿ, ಮರುದಿನ ಬಸವ ಜಯಂತಿ. ಮಹಾರಾಷ್ಟ್ರ ಸರ್ಕಾರ ಶಿವಾಜಿ ಜಯಂತಿಯನ್ನು ಫೆಬ್ರುವರಿ 19ರಂದು ಆಚರಿಸಿದರೂ ಬೆಳಗಾವಿ ತಿಥಿಯನ್ನೇ ಹಿಡಿದಿದೆ. ಇದರ ಆಸುಪಾಸಿನಲ್ಲಿ ರಾತ್ರಿಯಿಡೀ ನಡೆಯುವ ಚಿತ್ರರಥಗಳ ಮೆರವಣಿಗೆ ಊರಿನ ದೊಡ್ಡ ನೋಟಗಳಲ್ಲೊಂದು.

ಜೂನ್, ಜುಲೈ: ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ. ಮುಂಗಾರು ಹಿಡಿಯುವ ಕಾಲ. ರೈತರ ಲೆಕ್ಕದಲ್ಲಿ ವರ್ಷ ಆರಂಭವಾಗುವುದೇ ಇಲ್ಲಿಂದ.

ಜುಲೈ, ಆಗಸ್ಟ್: ನಾಗರ ಪಂಚಮಿ. ಉಂಡಿ, ಜೋಕಾಲಿ, ತವರಿಗೆ ಬರುವ ಹೆಣ್ಣುಮಕ್ಕಳ ಹಬ್ಬ. ಹೊಲಗಳಲ್ಲಿ ಹಾವಿನ ಕಡಿತ ಹೆಚ್ಚುವುದೂ ಮಳೆಗಾಲದಲ್ಲಿಯೇ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಆಗಸ್ಟ್, ಸೆಪ್ಟೆಂಬರ್: ಗಣೇಶ ಚೌತಿ. 1905ರಲ್ಲಿ ಲೋಕಮಾನ್ಯ ತಿಲಕರ ಪ್ರೇರಣೆಯಿಂದ ಝೆಂಡಾ ಚೌಕದಲ್ಲಿ ಇಲ್ಲಿನ ಸಾರ್ವಜನಿಕ ಗಣೇಶೋತ್ಸವ ಆರಂಭವಾಯಿತೆಂದು ನಗರದಲ್ಲಿ ಹೇಳಲಾಗುತ್ತದೆ. ಅನಂತ ಚತುರ್ದಶಿಯ ಸಂಜೆ ಹೊರಡುವ ವಿಸರ್ಜನಾ ಮೆರವಣಿಗೆ ಕಪಿಲೇಶ್ವರ ಹೊಂಡವನ್ನು ಮುಟ್ಟಿ ಮುಗಿಯುವ ಹೊತ್ತಿಗೆ ಮರುದಿನವಾಗಿರುತ್ತದೆ. 2023ರಲ್ಲಿ ಈದ್ ಮಿಲಾದ್ ಮತ್ತು ಅನಂತ ಚತುರ್ದಶಿ ಒಂದೇ ದಿನ ಬಂದಾಗ, ನಗರದ ಮುಸ್ಲಿಂ ಮುಖಂಡರು ತಮ್ಮ ಮೆರವಣಿಗೆಯನ್ನು ಮುಂದೂಡಿದರು. ಊರಿನ ಹಬ್ಬಗಳ ಇತಿಹಾಸದಲ್ಲಿ ಇದೂ ನೆನಪಿಡಬೇಕಾದ ಸಂಗತಿ.

ಸೆಪ್ಟೆಂಬರ್, ಅಕ್ಟೋಬರ್: ಮಹಾನವಮಿ, ಶೀಗಿ ಹುಣ್ಣಿಮೆ. 'ಬನ್ನಿ ತಗೊಂಡು ಬಂಗಾರದಂಗ ಇರೋಣು' ಎನ್ನುತ್ತ ಬನ್ನಿ ಎಲೆ ಕೊಟ್ಟವರಿಗೆ ಮರಳಿ ಎಲೆ ಕೊಟ್ಟು ನಮಸ್ಕರಿಸಿದರೆ ಸಾಕು. ಅಕ್ಟೋಬರ್ 23ರಿಂದ 25ರವರೆಗೆ, ನಗರದಿಂದ ಸುಮಾರು 50 ಕಿ.ಮೀ. ದೂರದ ಕಿತ್ತೂರಿನಲ್ಲಿ ಉತ್ಸವ ನಡೆಯುತ್ತದೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದ ನೆನಪು ಅದು.

ಅಕ್ಟೋಬರ್, ನವೆಂಬರ್: ದೀಪಾವಳಿ, ರಾಜ್ಯೋತ್ಸವ. ದೀಪಾವಳಿಯಲ್ಲಿ ಗವಳಿಗರು ತಮ್ಮ ಎಮ್ಮೆಗಳನ್ನು ಸಿಂಗರಿಸಿ ಬೀದಿಯಲ್ಲಿ ಓಡಿಸುತ್ತಾರೆ, ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಚೆನ್ನಮ್ಮ ವೃತ್ತ ಕೆಂಪು ಹಳದಿ ಬಾವುಟಗಳಿಂದ ತುಂಬಿಹೋಗುತ್ತದೆ.

ಡಿಸೆಂಬರ್: ಎಳ್ಳಮಾವಾಸ್ಯೆ (ಕೆಲವು ವರ್ಷ ಜನವರಿಗೆ ಜಾರುತ್ತದೆ), ಕ್ರಿಸ್‌ಮಸ್. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ನಂಟರೊಡನೆ ಅಲ್ಲಿಯೇ ಕುಳಿತು ಉಣ್ಣುವುದು ಪದ್ಧತಿ. ವರ್ಷದ ಕೊನೆಯ ರಾತ್ರಿ ಕ್ಯಾಂಪ್ ಪ್ರದೇಶದಲ್ಲಿ 'ಓಲ್ಡ್ ಮ್ಯಾನ್' ಎಂಬ ಪ್ರತಿಕೃತಿಯನ್ನು ಸುಟ್ಟು ಹಳೆಯ ವರ್ಷವನ್ನು ಕಳುಹಿಸುತ್ತಾರೆ.

ರಂಜಾನ್, ಮೊಹರಂ, ಬಕ್ರೀದ್‌ಗಳು ವರ್ಷಕ್ಕೆ ಹತ್ತು ಹನ್ನೊಂದು ದಿನಗಳಂತೆ ಹಿಂದೆ ಸರಿಯುತ್ತವೆ. ರಂಜಾನ್ ತಿಂಗಳ ಸಂಜೆಗಳಲ್ಲಿ ಖಡೇಬಜಾರದ ಸುತ್ತಲಿನ ಗಲ್ಲಿಗಳು ಖರ್ಜೂರ, ಸಮೋಸಾ, ಶೀರಖುರ್ಮಾ ಸಾಮಗ್ರಿಗಳಿಂದ ಕಳೆಗಟ್ಟುತ್ತವೆ. ಮೊಹರಂ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಕೂಡಿ ಆಚರಿಸುವ ಹಬ್ಬವಾದ್ದರಿಂದ, ಹಿಂದೂ ರೋಗಿಯೂ ಅದರಿಂದಲೇ ದಿನ ಎಣಿಸಿದರೆ ಬೆರಗಾಗಬೇಕಿಲ್ಲ.

ಪೇಟೆಯ ಮಾತು, ವಾರ್ಡಿನ ಮಾತು

ಬೆಳಗಾವಿಯ ವ್ಯಾಪಾರಿ ಕನ್ನಡ, ಮರಾಠಿ, ದಖನಿ ಉರ್ದುಗಳ ನಡುವೆ ಸಲೀಸಾಗಿ ಓಡಾಡುತ್ತಾನೆ. ಖಾನಾಪುರದ ಕಡೆ ಕೊಂಕಣಿಯ ಸೊಗಡೂ ಸೇರುತ್ತದೆ. ಮಲೇಷ್ಯಾದ ವಿದ್ಯಾರ್ಥಿಗೆ ಇಲ್ಲಿ ನೆರವಾಗಬಲ್ಲ ಸಂಗತಿಯೊಂದಿದೆ. ಮಲಯ ಭಾಷೆಯ 'ಪಸಾರ್' ಮತ್ತು ನಮ್ಮ 'ಬಜಾರ್' ಎರಡೂ ಪಾರಸಿಯ ಒಂದೇ ಪದದಿಂದ ಬಂದವು. ಸಂಸ್ಕೃತದಿಂದ ಮಲಯಕ್ಕೆ ಹೋದ ಪದಗಳೂ ಹೇರಳ. ಅವರ 'ಬಹಾಸ' ನಮ್ಮ ಭಾಷೆ, 'ಮುಕ' ನಮ್ಮ ಮುಖ, ಹೆಗಲಿಗೆ ಹೇಳುವ 'ಬಾಹು' ನಮ್ಮ ಬಾಹು, ತಲೆಗೆ ಹೇಳುವ 'ಕೆಪಾಲ' ನಮ್ಮ ಕಪಾಲ, ಉಪವಾಸಕ್ಕೆ ಹೇಳುವ 'ಪುವಾಸ' ನಮ್ಮ ಉಪವಾಸವೇ. ದೇಹದ ಅಂಗಗಳನ್ನು ಕಲಿಯುವವನಿಗೆ ಅರ್ಧ ದಾರಿ ಸವೆದಂತೆಯೇ ಸರಿ.

ಇನ್ನುಳಿದ ಅರ್ಧ ದಾರಿಯನ್ನು ಪೇಟೆ ಕಲಿಸಬೇಕು. ಅದರಲ್ಲಿ ಮೊದಲನೆಯದು ಲೆಕ್ಕ. 'ಪಾವ' ಎಂದರೆ ಕಾಲು, 'ಸವ್ವಾ' ಎಂದರೆ ಒಂದೂಕಾಲು, 'ದೀಡ' ಎಂದರೆ ಒಂದೂವರೆ, 'ಅಡೀಚ' ಎಂದರೆ ಎರಡೂವರೆ. ತರಕಾರಿ ಕೊಳ್ಳುವಾಗ ತಪ್ಪಿದರೆ ನಾಲ್ಕು ರೂಪಾಯಿಯ ನಷ್ಟ. ರೋಗಿ 'ದೀಡ ತಿಂಗಳಾತು' ಎಂದಾಗ ಒಂದು ತಿಂಗಳೆಂದು ಬರೆದುಕೊಂಡರೆ ಹದಿನೈದು ದಿನಗಳೇ ಮಾಯವಾಗುತ್ತವೆ.

ಎರಡನೆಯದು ಪದಗಳ ಬೇರೆ ಅರ್ಥ. ಬೆಂಗಳೂರಿನ ಪಠ್ಯದಲ್ಲಿ 'ತಿಂಡಿ' ಎಂದರೆ ಉಪಾಹಾರ. ಇಲ್ಲಿ ಅದಕ್ಕೆ 'ನಾಷ್ಟಾ' ಎನ್ನುತ್ತಾರೆ. 'ಮೈ ತಿಂಡಿ' ಎಂದರೆ ತುರಿಕೆ. ನೋವಿಗೆ 'ಬ್ಯಾನಿ', ತಲೆನೋವಿಗೆ 'ತಲಿಶೂಲಿ', ಏದುಸಿರಿಗೆ 'ದಮ್ಮು', ಕಾಯಿಲೆಗೆ 'ಜಡ್ಡು', ಮಾತ್ರೆಗೆ 'ಗುಳಿಗಿ' ಎಂಬ ಪದಗಳು ಬಳಕೆಯಲ್ಲಿವೆ.

ಮೂರನೆಯದು ಮರ್ಯಾದೆ. ಮಾತಿನ ಕೊನೆಗೆ 'ರೀ' ಸೇರದಿದ್ದರೆ ಬೆಳಗಾವಿಯ ಕನ್ನಡ ಒರಟೆನಿಸುತ್ತದೆ. 'ಎಷ್ಟ ರೀ?', 'ಏನಾಗೇತ್ರಿ?', 'ಎಷ್ಟ ದಿನ ಆತ್ರಿ?' ಎಂಬ ಮೂರು ಪ್ರಶ್ನೆಗಳಿಂದ ಪೇಟೆಯೂ ನಡೆಯುತ್ತದೆ, ವಾರ್ಡೂ ನಡೆಯುತ್ತದೆ. ಮರಾಠಿಯಲ್ಲಿ ಇವೇ 'ಕಿತಿ?', 'ಕಾಯ ಝಾಲಂ?', 'ಕಿತಿ ದಿವಸ ಝಾಲೇ?' ಎಂದಾಗುತ್ತವೆ. ವಯಸ್ಸಾದ ಹೆಂಗಸರನ್ನು 'ಅವ್ವಾ' ಅಥವಾ 'ಆಯಿ', ಗಂಡಸರನ್ನು 'ಅಜ್ಜಾ' ಅಥವಾ 'ಕಾಕಾ', ನಡುವಯಸ್ಸಿನವರನ್ನು 'ಅಕ್ಕಾರ', 'ಅಣ್ಣಾರ' ಎಂದು ಕರೆಯಬಹುದು.

ಭಾರತೀಯ ವೈದ್ಯಕೀಯ ಶಿಕ್ಷಣ 2019ರಲ್ಲಿ ಹೊಸ ಪಠ್ಯಕ್ರಮಕ್ಕೆ ಬದಲಾದಾಗ ಎಂಬಿಬಿಎಸ್ ಆರಂಭದ ಅಡಿಪಾಯ ಶಿಕ್ಷಣದಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಸ್ಥಾನ ನೀಡಲಾಯಿತು. ಆದರೆ ತರಗತಿಯಲ್ಲಿ ಕಲಿಸುವವರು ನಿಧಾನವಾಗಿ, ಸ್ಪಷ್ಟವಾಗಿ ಮಾತನಾಡುತ್ತಾರೆ. ನೋವಿನಲ್ಲಿರುವ ರೋಗಿ ಹಾಗೆ ಮಾತನಾಡುವುದಿಲ್ಲ. ಗಿರಾಕಿಗಳ ಗದ್ದಲದ ನಡುವೆ ಬೆಲೆ ಕೂಗುವ ಕಾಯಿಪಲ್ಯೆಯವಳ ಮಾತನ್ನು ತಿಳಿಯಬಲ್ಲವನು ರೋಗಿಯ ಮಾತನ್ನೂ ತಿಳಿಯಬಲ್ಲ.

ನಿಯಮಗಳು, ಎಚ್ಚರಿಕೆಗಳು

180 ದಿನಗಳಿಗಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದ ಮೇಲೆ ಬಂದವರು ದೇಶಕ್ಕೆ ಕಾಲಿಟ್ಟ 14 ದಿನಗಳೊಳಗೆ ವಿದೇಶಿಯರ ನೋಂದಣಿ ಅಧಿಕಾರಿಯಲ್ಲಿ ಹೆಸರು ನೋಂದಾಯಿಸಬೇಕು. ವಿದೇಶಿಯರಿಗೆ ವಸತಿ ನೀಡುವವರು 24 ಗಂಟೆಗಳೊಳಗೆ ಮಾಹಿತಿ ಸಲ್ಲಿಸಬೇಕು. ಮನೆ ಬಾಡಿಗೆಗೆ ಕೊಡುವ ಮಾಲೀಕರು ಇದನ್ನು ಮುಖ್ಯವಾಗಿ ಗಮನಿಸಬೇಕು. ಈ ವಿಷಯಗಳು ಈಗ 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿ ಬರುತ್ತವೆ.

ಬೆಳಗಾವಿ ಗಡಿ ವಿವಾದದ ನೆನಪುಳ್ಳ ನಗರ. ನವೆಂಬರ್ 1ರಂದು ಒಂದೆಡೆ ರಾಜ್ಯೋತ್ಸವದ ಸಂಭ್ರಮವಾದರೆ, ಇನ್ನೊಂದೆಡೆ ಮರಾಠಿ ಸಂಘಟನೆಗಳ ಕರಾಳ ದಿನದ ಪ್ರತಿಭಟನೆ ನಡೆಯುತ್ತ ಬಂದಿದೆ. ಅತಿಥಿಯಾಗಿ ಬಂದವರು ಎರಡು ಭಾಷೆಗಳಲ್ಲಿಯೂ ನಮಸ್ಕಾರ ಹೇಳಲು ಕಲಿತು, ವಾದಗಳಿಂದ ದೂರವಿರುವುದು ಒಳ್ಳೆಯದು.

ದೊಡ್ಡ ಮೆರವಣಿಗೆಗಳಿಗೆ ಒಬ್ಬರೇ ಹೋಗದೆ ಸ್ಥಳೀಯ ಸಹಪಾಠಿಗಳೊಡನೆ ಹೋಗಬೇಕು. ಧ್ವನಿವರ್ಧಕಗಳ ಸಮೀಪ ಹೆಚ್ಚು ಹೊತ್ತು ನಿಲ್ಲಬಾರದು. ಮಳೆಗಾಲದಲ್ಲಿ ಕೊಯ್ದಿಟ್ಟ ಹಣ್ಣು, ತೆರೆದಿಟ್ಟ ತಿನಿಸುಗಳ ಬದಲು ಕಣ್ಣೆದುರು ಕರಿದ, ಬೇಯಿಸಿದ ಬಿಸಿ ಪದಾರ್ಥಗಳನ್ನು ಆರಿಸಬೇಕು. ಹಳ್ಳಿಯ ಸಂತೆಗೆ ಚಿಲ್ಲರೆ ನೋಟು ಮತ್ತು ಬಟ್ಟೆಯ ಚೀಲ ಒಯ್ಯುವುದು ಅನುಕೂಲ. ಚೌಕಾಸಿ ಬಟ್ಟೆ, ಬಳೆಗಳಿಗೆ ಸರಿ. ಬುಟ್ಟಿಯಲ್ಲಿ ಎರಡು ಕಟ್ಟು ಸೊಪ್ಪು ಇಟ್ಟುಕೊಂಡು ಕುಳಿತ ಮುದುಕಿಯ ಬಳಿ ಅದು ಶೋಭಿಸದು.

ಹೊರನಾಡಿಗೆ ಹೋಗುವ ನಮ್ಮವರಿಗೆ

ಇದೇ ಪಾಠವನ್ನು ಕನ್ನಡದ ವಿದ್ಯಾರ್ಥಿಗಳು ತಾವು ಹೋದಲ್ಲಿ ಅನ್ವಯಿಸಿಕೊಳ್ಳಬಹುದು. ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾದ ಆರೋಗ್ಯ ವಿಜ್ಞಾನ ಕ್ಯಾಂಪಸ್ ಇರುವುದು ಕೆಲಂತಾನ್ ರಾಜ್ಯದ ಕುಬಾಂಗ್ ಕೆರಿಯನ್‌ನಲ್ಲಿ. ಅದರ ಸಮೀಪದ ಕೋತ ಭಾರು ನಗರದ ಸಿತಿ ಖದೀಜಾ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಅಲ್ಲಿಗೆ ಹೋದ ಕನ್ನಡಿಗನಿಗೆ ಗಣಪತ ಗಲ್ಲಿಯ ಬುಟ್ಟಿಗಳ ಸಾಲು ನೆನಪಾದರೆ ಆಶ್ಚರ್ಯವಿಲ್ಲ. ಜರ್ಮನಿಯ ಪಟ್ಟಣಗಳಲ್ಲಿಯೂ ನಿಗದಿತ ದಿನಗಳಂದು ಚೌಕದಲ್ಲಿ ವಾರದ ಸಂತೆ ಕೂಡುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಅಲ್ಲಿನವರ ಖರೀದಿಯ ದಿನ. ಯಾವ ಊರಾದರೂ ಸರಿ, ಅಲ್ಲಿನ ಜನ ತಮ್ಮ ದಿನಗಳನ್ನು ಯಾವುದರಿಂದ ಎಣಿಸುತ್ತಾರೆಂಬುದನ್ನು ಮೊದಲ ಕೆಲವು ತಿಂಗಳುಗಳಲ್ಲಿಯೇ ಬರೆದಿಟ್ಟುಕೊಳ್ಳುವುದು ಓದಿಗೂ ಬಾಳಿಗೂ ಉಪಯುಕ್ತ.

ಬೆಳಗಾವಿಯಲ್ಲಿರುವವರು ಇದಕ್ಕಾಗಿ ಸಣ್ಣದೊಂದು ನೋಟುಪುಸ್ತಕ ಇಟ್ಟರೆ ಸಾಕು. ಒಂದು ಪುಟದಲ್ಲಿ ಸುತ್ತಲ ಊರುಗಳ ಸಂತೆಯ ದಿನಗಳು, ಮುಂದಿನ ಪುಟದಲ್ಲಿ ಆ ವರ್ಷದ ಹಬ್ಬಗಳ ತಾರೀಖುಗಳು, ಅದರ ಮುಂದೆ ಪೇಟೆಯಲ್ಲಿ ಕಿವಿಗೆ ಬಿದ್ದ ಪದಗಳು. ಸಂತೆಯ ದಿನಗಳು ಊರಿಂದೂರಿಗೆ ಬದಲಾಗುವುದರಿಂದ ಅವನ್ನು ಆಯಾ ಊರಿನ ರೋಗಿಯನ್ನೇ ಕೇಳಿ ತುಂಬಿಸಬಹುದು. 'ನಿಮ್ಮೂರ ಸಂತಿ ಯಾವತ್ರಿ?' ಎಂದು ಕೇಳಿದ ಪರದೇಶದ ಹುಡುಗಿಗೆ ಉತ್ತರ ಕೊಡದ ಅಜ್ಜಿ ಈ ಜಿಲ್ಲೆಯಲ್ಲಿ ಸಿಗಲಾರಳು. ಅವಳ ಕಾಯಿಲೆಯ ಕಥೆಯೂ ಆ ಉತ್ತರದ ಬೆನ್ನಿಗೇ ಬರುತ್ತದೆ.